ನಮ್ಮವು ಎಂದ ಮೂರು ಸಾವಿರ ಕುರಿ

ನಾನು ಆಡಿದ್ದು ಒಂದೇ ಮಾತು. ಆ ಒಂದು ಮಾತನ್ನು ಹಿಡಿದುಕೊಂಡು, ಬಾವಿಯ ಸುತ್ತ ಇದ್ದ ನಮ್ಮ ನಲವತ್ತು ಮನೆಗಳನ್ನು ಎಬ್ಬಿಸಲು ಹೊರಟರು. ಬಂದವರ ಕೈಯಲ್ಲಿ ಕೋಲು ಇರಲಿಲ್ಲ. ಕಾಗದ ಇತ್ತು. ಕಾಗದದಲ್ಲಿ ನನ್ನ ಮಾತು ಇತ್ತು.

ನನ್ನ ಕೆಲಸ ಇಲಿ ಹಿಡಿಯುವುದು. ನಗಬೇಡಿ. ನಮ್ಮ ಕೇರಿಯವರೆಲ್ಲ ನಕ್ಕು ಮುಗಿಸಿ, ನನಗೆ ಇಲಿಯಕ್ಕ ಎಂದು ಹೆಸರಿಟ್ಟು ಏಳು ವರ್ಷವಾಯಿತು. ಮರಳುಗಾಡಿನ ನಡುವೆ ಒಂದು ಸಂಶೋಧನಾ ಕೇಂದ್ರವಿದೆ. ಬಿಳಿ ಬಣ್ಣದ ಮೂರು ಕಟ್ಟಡ, ಸದಾ ಗುರ್ ಎನ್ನುವ ಒಂದು ಜನರೇಟರು. ಅದರ ಹಿಂದೆ ಬೇಲಿ ಹಾಕಿದ ದೊಡ್ಡ ಚೌಕ. ಹನ್ನೊಂದು ವರ್ಷದಿಂದ ಆ ಚೌಕದೊಳಗೆ ಒಂದು ಗೊರಸೂ ಬಿದ್ದಿಲ್ಲ. ಬೇಲಿಯ ಒಳಗೆ ಐವತ್ತು ಬೋನು, ಹೊರಗೆ ಐವತ್ತು ಬೋನು. ಸಂಜೆ ನಾನು ಬೋನುಗಳಿಗೆ ಕಾಳಿನ ಉಂಡೆ ಇಡುತ್ತೇನೆ. ಸೂರ್ಯ ಹುಟ್ಟುವ ಮೊದಲು ಒಂದೊಂದನ್ನೂ ತೆರೆದು ನೋಡುತ್ತೇನೆ. ತಡವಾದರೆ ಬೋನಿನ ತಗಡು ಕಾದು ಒಳಗಿನ ಜೀವ ಬೆಂದುಹೋಗುತ್ತದೆ. ಏಳು ವರ್ಷದಲ್ಲಿ ನಾನು ಒಂದು ದಿನವೂ ತಡಮಾಡಿಲ್ಲ. ಜ್ವರ ಬಂದಾಗಲೂ ಹೋಗಿದ್ದೇನೆ, ಹೆರಿಗೆಗೆ ಒಂಬತ್ತು ದಿನ ಮೊದಲೂ ಹೋಗಿದ್ದೇನೆ.

ಇಲಿಯನ್ನು ಬಟ್ಟೆಯ ಚೀಲಕ್ಕೆ ಇಳಿಸಬೇಕು. ತೂಗಬೇಕು. ಹೆಣ್ಣೋ ಗಂಡೋ ನೋಡಬೇಕು. ಕಿವಿಯಲ್ಲಿ ಅಕ್ಕಿಕಾಳಿನಷ್ಟು ತಗಡಿನ ಬಿಲ್ಲೆ ಇದ್ದರೆ ಅದರ ನಂಬರು ಓದಬೇಕು, ಇಲ್ಲದಿದ್ದರೆ ಹೊಸ ಬಿಲ್ಲೆ ಚುಚ್ಚಬೇಕು. ಇಷ್ಟನ್ನೂ ಮರಳಿನ ಮೇಲೆ ಮಂಡಿಯೂರಿ ಮಾಡಬೇಕು. ನನ್ನ ಮಂಡಿಯ ಚರ್ಮ ಈಗ ಒಂಟೆಯ ಮಂಡಿಯ ಹಾಗಿದೆ. ಬೆರಳುಗಳಲ್ಲಿ ಕಚ್ಚಿದ ಗುರುತು ಎಷ್ಟಿದೆಯೋ ನನಗೇ ಗೊತ್ತಿಲ್ಲ. ಇಲಿ ಕಚ್ಚಿದರೆ ನನಗೆ ಸಿಟ್ಟು ಬರುವುದಿಲ್ಲ. ಹಿಡಿದವರನ್ನು ಕಚ್ಚುವುದು ಅದರ ಹಕ್ಕು.

ಕೇಂದ್ರದ ಹಿರಿಯ ಸಂಶೋಧಕರನ್ನು ಎಲ್ಲರೂ ಡಾಕ್ಟರು ಎನ್ನುತ್ತಾರೆ. ಅವರು ಬಂದ ಹೊಸದರಲ್ಲಿ ನಮ್ಮ ಅತ್ತೆ, ಎಂದರೆ ಅಪ್ಪನ ಅಕ್ಕ, ಮಂಡಿನೋವು ತೋರಿಸಲೆಂದು ಅವರ ಬಾಗಿಲಲ್ಲಿ ಅರ್ಧ ದಿನ ಕೂತಿದ್ದಳು. ಅವರು ಇಲಿಗಳ ಡಾಕ್ಟರು ಎಂದು ಗೊತ್ತಾದ ಮೇಲೆ, "ಹೋಗ್ಲಿ ಬಿಡು, ಇಲಿಗಾದ್ರೂ ಮಂಡಿ ವಾಸಿ ಮಾಡ್ಲಿ" ಎಂದು ಸೀರೆ ಕೊಡವಿಕೊಂಡು ಎದ್ದು ಬಂದಳು.

ಆ ಬಾಗಿಲನ್ನು ಈಗ ನಾನೂ ದಾಟುವುದಿಲ್ಲ. ಒಳಗೆ ತಂಪು ಯಂತ್ರ ಇದೆ, ಕಂಪ್ಯೂಟರ್ ಇದೆ. ಮೊದಲ ವಾರ ಒಂದು ಸಲ ಒಳಗೆ ಕಾಲಿಟ್ಟಿದ್ದೆ. ಪಟ್ಟಣದಿಂದ ಬಂದಿದ್ದ ಹುಡುಗಿಯೊಬ್ಬಳು ಮೂಗಿಗೆ ಕೈ ಅಡ್ಡ ಹಿಡಿದು, "ಕುರಿ ವಾಸನೆ" ಎಂದಳು. ಕೆಟ್ಟ ಮನಸ್ಸಿನಿಂದ ಅಂದಳೆಂದು ಹೇಳುವುದಿಲ್ಲ. ಆದರೆ ಮಾರನೆಯ ದಿನದಿಂದ ನಾನು ಕಿಟಕಿಯ ಹೊರಗೆ ನಿಂತು ಲೆಕ್ಕ ಒಪ್ಪಿಸಬೇಕೆಂದು ನಿಯಮವಾಯಿತು. ಕಿಟಕಿಯ ಹೊರಗೆ ತಂಪು ಯಂತ್ರದ ಬಿಸಿಗಾಳಿ ಬಿಡುವ ಹಿಂಭಾಗ ಇದೆ. ಅದರ ಮುಂದೆ ನಿಂತು ನಾನು ಕೂಗುತ್ತೇನೆ. ಒಳಗೆ ಇಷ್ಟು, ಹೊರಗೆ ಇಷ್ಟು. ಅವರು ಬರೆದುಕೊಳ್ಳುತ್ತಾರೆ. ಏಳು ವರ್ಷದಿಂದ ಕುರಿ ವಾಸನೆಯ ಬಾಯಿಂದ ಹೊರಟ ಸಂಖ್ಯೆಗಳಿಗೆ ಮಾತ್ರ ಯಾವ ವಾಸನೆಯೂ ಇರಲಿಲ್ಲ.

ಬೇಲಿಯ ಒಳಗಿನ ಕಥೆ ಬೇರೆ, ಹೊರಗಿನದು ಬೇರೆ. ಒಳಗೆ ಪೊದೆಗಳ ಬುಡದಲ್ಲಿ ಹುಲ್ಲು ನಿಂತಿದೆ. ಹುಲ್ಲಿನ ಬೀಜ ಉದುರುತ್ತದೆ. ಕುಚ್ಚುಬಾಲದ ಇಲಿ ಆ ಬೀಜ ಬಾಚಿಕೊಂಡು ಬಿಲದೊಳಗೆ ಕೂಡಿಡುತ್ತದೆ. ಅದಕ್ಕೆ ಪೊದೆಯ ನೆರಳು ಬೇಕು, ಗಟ್ಟಿಯಾಗಿ ಕಚ್ಚಿಕೊಂಡ ಮಣ್ಣು ಬೇಕು. ಹೊರಗೆ ಪೊದೆಗಳನ್ನು ಕುರಿಗಳು ಮೊಣಕಾಲಿನ ಎತ್ತರಕ್ಕೆ ಮೇಯ್ದಿವೆ. ಈಚೆಗೆ ಪಾದದ ಎತ್ತರಕ್ಕೆ. ದಿನಾ ಹನ್ನೆರಡು ಸಾವಿರ ಗೊರಸು ಓಡಾಡುವ ನೆಲದಲ್ಲಿ ಬಿಲ ನಿಲ್ಲುವುದಿಲ್ಲ, ಕುಸಿಯುತ್ತದೆ. ಮರಿಗಳು ಒಳಗೇ ಉಸಿರು ಕಟ್ಟಿ ಸಾಯುತ್ತವೆ. ಉದ್ದ ಹಿಂಗಾಲಿನ ಜಿಗಿಯುವ ಇಲಿ ಬಯಲಲ್ಲಿ ಹೇಗೋ ಬದುಕುತ್ತದೆ, ಅದು ಎಲ್ಲಿಗೆ ಬೇಕಾದರೂ ಎದ್ದು ಓಡುವ ಜಾತಿ. ಕುಚ್ಚುಬಾಲದ್ದಕ್ಕೆ ಆ ಭಾಗ್ಯ ಇಲ್ಲ. ನಾನು ಸೇರಿದ ವರ್ಷ ಹೊರಗಿನ ಐವತ್ತು ಬೋನಿನಲ್ಲಿ ಒಂದು ಬೆಳಗ್ಗೆ ಹತ್ತೊಂಬತ್ತು ಸಿಕ್ಕಿದ್ದವು. ಈ ವರ್ಷ ಸತತ ಹತ್ತು ಬೆಳಗ್ಗೆ ಮಂಡಿಯೂರಿದೆ. ಒಂದೂ ಇಲ್ಲ.

ಕುರಿ ಮೇಯ್ದದ್ದರಿಂದ ಇಲಿ ಹೋಯಿತು ಎಂಬುದು ಸುಳ್ಳಲ್ಲ. ಅದನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಇನ್ನೊಬ್ಬರಿಲ್ಲ. ಕಾಗದ ಬರೆದವರಿಗಿಂತ ಮೊದಲು ಆ ಮಾತನ್ನು ಹೇಳಿದವನು ನನ್ನ ಅಪ್ಪ.

ಅಪ್ಪ ನಲವತ್ತು ವರ್ಷದಿಂದ ಧಣಿಯ ಕುರಿ ಕಾಯುತ್ತಿದ್ದ. ಕೇರಿಯ ಗಂಡಸರಿಗೆಲ್ಲ ಅದೇ ಕೆಲಸ. ಧಣಿ ಪೇಟೆಯಲ್ಲಿ ಮೂರಂತಸ್ತಿನ ಮನೆಯಲ್ಲಿರುತ್ತಾನೆ. ಅವನನ್ನು ನಾನು ಕಂಡದ್ದು ಎರಡು ಸಲ, ಎರಡು ಸಲವೂ ಕಾರಿನ ಗಾಜಿನ ಹಿಂದೆ. ಮೊದಲು ಎಂಟು ನೂರು ಕುರಿ ಇದ್ದವು. ಅವನ್ನು ಒಂದು ಕಡೆ ನಾಲ್ಕು ದಿನ ನಿಲ್ಲಿಸಿ, ಆಮೇಲೆ ಮುಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ನೆಲಕ್ಕೆ ಉಸಿರಾಡಲು ಬಿಡುವು ಸಿಗುತ್ತಿತ್ತು. ಆಮೇಲೆ ಧಣಿ ನಮ್ಮ ಬಾವಿಗೆ ಯಂತ್ರ ಕೂರಿಸಿದ. ನೀರು ಒಂದೇ ಕಡೆ ಧಾರಾಳವಾಗಿ ಸಿಕ್ಕಿತು, ಕುರಿ ಮೂರು ಸಾವಿರವಾಯಿತು, ಒಂದೇ ಕಡೆ ನಿಂತಿತು.

ಅಪ್ಪ ಧಣಿಯ ಮ್ಯಾನೇಜರಿಗೆ ಹೇಳಿದ. "ನೆಲ ತಡೆಯಲ್ಲ ಸ್ವಾಮಿ. ಅರ್ಧ ಕುರಿನಾದ್ರೂ ಬೇರೆ ಕಡೆ ಕಳಿಸಿ." ಇಷ್ಟೇ. ಮ್ಯಾನೇಜರು ಅಪ್ಪನನ್ನು ಕುರಿಹಟ್ಟಿಯ ಮುಂದೆ ಬಿಸಿಲಲ್ಲಿ ನಿಲ್ಲಿಸಿದ. ಚಪ್ಪಲಿ ಬಿಡಿಸಿ ನಿಲ್ಲಿಸಿದ. "ನೆಲ ತಡೆಯುತ್ತಾ ಇಲ್ವಾ ಅಂತ ನಿನ್ನ ಕಾಲಿಗೆ ಗೊತ್ತಾಗ್ಲಿ" ಎಂದ. ಸಂಜೆ ಅಪ್ಪ ಮನೆಗೆ ಬಂದಾಗ ಅಂಗಾಲು ಸುಲಿದಿತ್ತು. ಅತ್ತೆ ಎಣ್ಣೆ ಹಚ್ಚುತ್ತಾ ಧಣಿಯ ಏಳು ತಲೆಮಾರನ್ನು ಜಾಲಾಡಿದಳು. ಅಪ್ಪ ಮಾರನೆಯ ದಿನ ಕಾಲಿಗೆ ಬಟ್ಟೆ ಸುತ್ತಿಕೊಂಡು ಕುರಿಯ ಹಿಂದೆ ಹೋದ.

ಇನ್ನು ನನ್ನ ಮಾತಿನ ವಿಷಯ.

ಬೇಸಿಗೆಯ ಮೊದಲಲ್ಲಿ ಡಾಕ್ಟರು ನನ್ನ ಜೊತೆ ಬೇಲಿಯ ಹೊರಗೆ ಬಂದರು. ಕೈಯಲ್ಲಿ ಧ್ವನಿ ಹಿಡಿಯುವ ಸಣ್ಣ ಯಂತ್ರ ಇತ್ತು. ಖಾಲಿ ಬೋನುಗಳನ್ನು ನೋಡಿದರು, ಬೋಳಾದ ಪೊದೆಗಳನ್ನು ನೋಡಿದರು, ಹಿಕ್ಕೆಯನ್ನು ಬೂಟಿನಿಂದ ಒದ್ದರು.

"ಏನಮ್ಮ, ಇಲ್ಲಿ ಮೇಯ್ದಿರೋದು ಯಾರ ಕುರಿ?"

"ನಮ್ಮವು ಸಾರ್."

"ಎಷ್ಟಿವೆ?"

"ಮೂರು ಸಾವಿರ ಆಗ್ಬಹುದು."

ಇಷ್ಟೇ ನಡೆದದ್ದು. ಮತ್ತೇನು ಹೇಳಬೇಕಿತ್ತು? ನಮ್ಮಲ್ಲಿ ಯಾರು ಹಿಂದೆ ನಡೆಯುತ್ತಾರೋ ಕುರಿ ಅವರದ್ದು. ಮರಿ ಹಾಕುವಾಗ ಯಾರು ಕೈ ಹಾಕಿ ಎಳೆದರೋ ಅವರದ್ದು. ಚಳಿಗೆ ಯಾರು ಕಂಬಳಿಯೊಳಗೆ ಮರಿಯನ್ನು ಮಲಗಿಸಿಕೊಂಡರೋ ಅವರದ್ದು. ನಮ್ಮ ಕೆಂಚಿ ಕುಂಟುತ್ತಿದೆ, ನಮ್ಮ ಬಿಳಿದು ಈದಿದೆ ಎನ್ನುತ್ತೇವೆ. ಕೇರಿಯಲ್ಲಿ ಯಾವ ಮಗುವನ್ನು ಕೇಳಿದರೂ ಕುರಿ ನಮ್ಮವು ಎನ್ನುತ್ತದೆ. ನಿಜವಾಗಿ ನಮ್ಮವು ಅಂತ ಇರುವುದು ಮನೆಗೆ ಒಂದೆರಡು ಮೇಕೆ. ಅತ್ತೆಯ ಎರಡು ಮೇಕೆಯಲ್ಲಿ ಒಂದಕ್ಕೆ ಕಣ್ಣು ಕಾಣುವುದಿಲ್ಲ.

ಧಣಿಯದು ಎಂಬ ಮಾತು ಬರುತ್ತಿದ್ದದ್ದು ಬೇರೆ ಸಂದರ್ಭದಲ್ಲಿ. ನರಿ ಒಂದು ಕುರಿಯನ್ನು ಕೊಂದರೆ, ಅದು ಧಣಿಯ ಕುರಿ. ಆಗ ಕಾಯುತ್ತಿದ್ದವನು ಸತ್ತ ಕುರಿಯ ಗುರುತಿನ ಕಿವಿ ಕತ್ತರಿಸಿ ತಂದು ಮ್ಯಾನೇಜರಿಗೆ ತೋರಿಸಬೇಕು. ಕಿವಿ ತಾರದಿದ್ದರೆ ಮಾರಿಕೊಂಡು ತಿಂದ ಎಂದು ಹೆಸರು.

ಬೇಸಿಗೆ ಮುಗಿಯುವ ಹೊತ್ತಿಗೆ ಜೀಪಿನಲ್ಲಿ ಅಧಿಕಾರಿ ಬಂದರು. ಮರುಭೂಮಿ ರಕ್ಷಣೆಯ ಇಲಾಖೆಯವರು. ಬಾವಿಯ ಕಟ್ಟೆಯ ಮೇಲೆ ನಿಂತು ಕಾಗದ ಓದಿದರು. ಓದುವಾಗ ಕರವಸ್ತ್ರ ಮೂಗಿನ ಮೇಲಿತ್ತು, ಅರ್ಧ ಮಾತು ಕರವಸ್ತ್ರದೊಳಗೇ ಉಳಿಯಿತು. ಉಳಿದರ್ಧ ಸಾಕಾಗಿತ್ತು. ಬಾವಿಯ ಸುತ್ತ ನೆಲೆಸಿರುವ ಕುರಿಗಾರರು ತಮ್ಮ ಮೂರು ಸಾವಿರ ಕುರಿಗಳನ್ನು ಮೇಯಿಸಿ ಅಪರೂಪದ ಸಣ್ಣ ಪ್ರಾಣಿಗಳ ನೆಲೆಯನ್ನು ನಾಶ ಮಾಡಿದ್ದಾರೆ. ಇದನ್ನು ಸ್ಥಳೀಯ ಮಹಿಳೆಯೊಬ್ಬರೇ ಒಪ್ಪಿಕೊಂಡಿದ್ದಾರೆ. ಆದ್ದರಿಂದ ನಲವತ್ತು ಮನೆಗಳೂ ಒಂದು ತಿಂಗಳಲ್ಲಿ ಜಾಗ ಖಾಲಿ ಮಾಡಬೇಕು. ಆಮೇಲೆ ಜಾಗಕ್ಕೆಲ್ಲ ಬೇಲಿ. ಬೇಲಿ ಕಾಯುವ ಜವಾಬ್ದಾರಿ ಧಣಿಗೆ. ಒಳಗೆ ಮಿತವಾಗಿ ಕುರಿ ಮೇಯಿಸಿಕೊಳ್ಳಲು ಧಣಿಗೆ ಅನುಮತಿ. ಆಕ್ಷೇಪಣೆ ಇದ್ದರೆ ಇಂಥ ದಿನ ಕೇಂದ್ರದಲ್ಲಿ ವಿಚಾರಣೆ.

ಕೇರಿಯಲ್ಲಿ ಬೇಲಿಯ ಹತ್ತಿರ ಓಡಾಡುವ ಹೆಂಗಸು ನಾನೊಬ್ಬಳೇ. ಎಲ್ಲರೂ ನನ್ನ ಕಡೆ ತಿರುಗಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಅಪ್ಪನ ಮುಂದೆ ಕೂತು ಹೇಳಿದೆ. "ಅಪ್ಪ, ನಾನೇ ಹೇಳಿದ್ದು. ನಮ್ಮವು ಅಂದೆ."

ಅಪ್ಪ ಅಂಗಾಲು ಉಜ್ಜಿಕೊಳ್ಳುತ್ತಿದ್ದ. "ನನ್ನ ಕೇಳಿದ್ರೂ ನಾನು ಅದೇ ಅಂತಿದ್ದೆ" ಎಂದ.

ಅತ್ತೆ ಒಲೆಯ ಮುಂದಿನಿಂದ ತಿರುಗಿ ಕೂತಳು. "ನೀವಿಬ್ಬರೂ ತಲೆ ಮೇಲೆ ಕೈ ಹೊತ್ಕೊಂಡು ಕೂತ್ಕೊಳ್ಳಿ. ಕುರಿ ಸತ್ತಾಗ ಧಣಿದು. ನೆಲ ಸತ್ತಾಗ ನಮ್ಮದು. ಇಷ್ಟು ವರ್ಷ ಆ ಬೇವರ್ಸಿ ಮ್ಯಾನೇಜರ್ ಒಂದು ದಿನ ಆದ್ರೂ, ಒಂದು ಕುರಿ ಕೊಯ್ದು ತಿನ್ನಿ, ನಿಮ್ಮವೇ ತಾನೆ ಅಂದಿದ್ನಾ?"

ಬೆಳಗ್ಗೆ ಡಾಕ್ಟರ ಕಿಟಕಿಯ ಮುಂದೆ ನಿಂತೆ. ಲೆಕ್ಕ ಒಪ್ಪಿಸಲಿಲ್ಲ.

"ಸಾರ್, ಕಾಗದದಲ್ಲಿ ತಪ್ಪಾಗಿದೆ. ಕುರಿ ಧಣಿಯವು. ನಾವು ಕೂಲಿಗೆ ಕಾಯೋರು."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕೂಗಾಡುವವರಲ್ಲ. ಮೃದುವಾಗಿ ಮಾತಾಡುವವರು. ಮೃದುವಾಗಿಯೇ ಹೇಳಿದರು. "ನೋಡಮ್ಮ, ನನ್ನ ವರದಿ ಇಲಿ ಬಗ್ಗೆ. ಕುರಿ ಮೇಯ್ದ್ರೆ ಇಲಿಗೆ ಏನಾಗುತ್ತೆ ಅನ್ನೋದಷ್ಟೇ ನನ್ನ ಪ್ರಶ್ನೆ. ಕುರಿ ಯಾರದ್ದಾದ್ರೂ ಇಲಿಗೆ ಒಂದೇ."

"ಇಲಿಗೆ ಒಂದೇ ಸಾರ್. ಮನೆ ಹೋಗ್ತಿರೋದು ನಮ್ಮದು."

"ಅದು ಇಲಾಖೆಗೆ ಬಿಟ್ಟದ್ದು. ನಾನು ಯಾರನ್ನೂ ಎಬ್ಬಿಸಿ ಅಂತ ಬರೆದಿಲ್ಲ."

"ಯಾರ ಕುರಿ ಅಂತ ನೀವು ಬರೆದ್ರಿ."

"ನೀನು ಹೇಳಿದ್ದನ್ನ ಬರೆದೆ."

ಆಮೇಲೆ ಕಿಟಕಿಯ ಹತ್ತಿರ ಬಂದು, ಇನ್ನೂ ಮೆಲ್ಲಗೆ ಹೇಳಿದರು. ಬೇಲಿ ದೊಡ್ಡದಾದರೆ ಬೋನುಗಳೂ ಹೆಚ್ಚುತ್ತವಂತೆ. ನನ್ನ ಕೆಲಸ ಕಾಯಂ ಆಗುತ್ತದಂತೆ. ಕೇಂದ್ರದ ಹಿಂದೆ ಒಂದು ಕೋಣೆ ಕೊಡುತ್ತಾರಂತೆ. ವಿಚಾರಣೆಯ ದಿನ ನಾನು ನನ್ನ ಹೇಳಿಕೆಗೆ ಒಂದು ಸಹಿ ಹಾಕಿದರೆ ಸಾಕಂತೆ. ನಲವತ್ತು ಮನೆ ಕೆಡವಿ ನನಗೊಂದು ಕೋಣೆ. ನನಗೆ ಅವರ ಮುಖಕ್ಕೆ ಉಗುಳಬೇಕೆನಿಸಿತು. ಉಗುಳಲಿಲ್ಲ. ಬಾಯಿ ಒಣಗಿತ್ತು.

ಅದೇ ವಾರ ಮ್ಯಾನೇಜರು ನಮ್ಮ ಮನೆಗೆ ಬಂದ. ನಾನು ಹುಟ್ಟಿದಾಗಿನಿಂದ ಅವನು ನಮ್ಮ ಹೊಸ್ತಿಲ ಹತ್ತಿರ ಬಂದದ್ದಿಲ್ಲ. ಅಪ್ಪನನ್ನು "ಏನಪ್ಪ ಹಿರಿಯ" ಎಂದು ಕರೆದ. ಹಟ್ಟಿಯಲ್ಲಿ ಅವನು ಕರೆಯುತ್ತಿದ್ದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

"ವಿಚಾರಣೆಯಲ್ಲಿ ಕುರಿ ನಮ್ಮವು ಅಂತ ಎಲ್ಲರೂ ಒಂದೇ ಮಾತು ಹೇಳಿ" ಎಂದ. "ಒಬ್ಬನ ಹೆಸರಲ್ಲಿ ಇನ್ನೂರು ಕುರಿಗಿಂತ ಜಾಸ್ತಿ ಇಲ್ಲಿ ಮೇಯಬಾರದು ಅಂತ ಕಾನೂನಿದೆ. ಧಣಿ ಹೆಸರು ಬಂದ್ರೆ ಅವರಿಗೆ ತೊಂದರೆ. ನಿಮ್ಮನ್ನ ಬೇರೆ ಕಡೆ ಗುಡಿಸಲು ಹಾಕಿಸಿ ನೋಡ್ಕೊಳ್ತಾರೆ. ಒಂದು ಮಾತು ಆಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಅತ್ತೆ ಕೇಳಿದಳು. "ಆ ಮಾತು ನಿಜ ಅಂತ ಧಣಿಗೂ ಗೊತ್ತಾ?"

ಮ್ಯಾನೇಜರು ನಕ್ಕ. ಅತ್ತೆ ನಗಲಿಲ್ಲ.

ವಿಚಾರಣೆಯ ದಿನ ಕೇರಿಗೆ ಕೇರಿಯೇ ಕೇಂದ್ರಕ್ಕೆ ಹೊರಟಿತು. ಗಂಡಸರೆಲ್ಲ ಹೊರಟ ಮೇಲೆ ಕುರಿ ಕಾಯುವವರು ಯಾರು? ಅವನ್ನೂ ಹೊಡೆದುಕೊಂಡೇ ಹೋದೆವು. ಮೂರು ಸಾವಿರ ಕುರಿ ಕೇಂದ್ರದ ಗೇಟಿನ ಹೊರಗೆ, ರಸ್ತೆಯ ಎರಡೂ ಬದಿ ಹರಡಿಕೊಂಡು ನಿಂತವು. ಕಾವಲುಗಾರ ಗೇಟು ಮುಚ್ಚಿ ಚಿಲಕ ಹಾಕಿದ. ಕುರಿಗಳ ಜೊತೆ ಅಪ್ಪ ಮತ್ತು ಕೆಲವರು ಹೊರಗೇ ಉಳಿದರು. ಉಳಿದವರನ್ನು ಎಣಿಸಿ ಒಳಗೆ ಬಿಟ್ಟರು.

ಸಭಾಂಗಣದಲ್ಲಿ ಕುರ್ಚಿಗಳಿದ್ದವು. ನಾವು ಹಿಂದೆ, ಬಾಗಿಲ ಬಳಿ ನಿಲ್ಲಬೇಕೆಂದರು. ಮುಂದಿನ ಮೇಜಿನಲ್ಲಿ ಅಧಿಕಾರಿ, ಅವರ ಪಕ್ಕ ಡಾಕ್ಟರು. ಮ್ಯಾನೇಜರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನನ್ನನ್ನು ಮುಂದಕ್ಕೆ ಕರೆದರು. ಮೇಜಿನ ಮೇಲಿದ್ದ ಸಣ್ಣ ಯಂತ್ರದ ಗುಂಡಿ ಒತ್ತಿದರು.

ನಮ್ಮವು ಸಾರ್, ಎಂದಿತು ಯಂತ್ರ. ನನ್ನ ಧ್ವನಿ ಇಷ್ಟು ವಿನಯದ್ದು ಎಂದು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು.

"ಇದು ನಿನ್ನ ಧ್ವನಿ ತಾನೆ?" ಅಧಿಕಾರಿ ಕೇಳಿದರು.

"ನನ್ನದೇ ಸಾರ್. ಆದ್ರೆ ನಮ್ಮಲ್ಲಿ ನಮ್ಮವು ಅಂದ್ರೆ ನಾವು ಕಾಯೋವು ಅಂತ. ಕುರಿ ಧಣಿಯವು. ಪ್ರತಿ ಕುರಿ ಕಿವಿಯಲ್ಲೂ ಅವರ ಗುರುತಿದೆ. ಹೊರಗೆ ನಿಂತಿವೆ, ಬಂದು ನೋಡಿ." ಡಾಕ್ಟರ ಕಡೆ ತಿರುಗಿದೆ. "ಏಳು ವರ್ಷ ಇಲಿ ಕಿವಿ ನೋಡಿ ನೋಡಿ ಬರ್ಕೊಂಡ್ರಿ ಸಾರ್. ಒಂದು ಸಲ ಕುರಿ ಕಿವಿ ನೋಡೋಕೆ ನಿಮಗೇನಾಗಿತ್ತು?"

ಡಾಕ್ಟರು ತಮ್ಮ ಮುಂದಿದ್ದ ಕಾಗದ ನೋಡಿಕೊಂಡರು.

"ಮಾತಿನ ಅರ್ಥ ವಿವರಿಸೋಕೆ ನಿನ್ನ ಕರೆದಿಲ್ಲ" ಎಂದರು ಅಧಿಕಾರಿ. "ಹೇಳಿದ್ದೀಯೋ ಇಲ್ಲವೋ? ಹೇಳಿದ್ರೆ ಇಲ್ಲಿ ಸಹಿ ಹಾಕು."

"ಹಾಕಲ್ಲ."

"ಏನು?"

"ಸಹಿ ಹಾಕಲ್ಲ ಸಾರ್."

ಮ್ಯಾನೇಜರು ಕಾಲು ಕೆಳಗಿಳಿಸಿದ. ಅಧಿಕಾರಿ ಪೆನ್ನನ್ನು ಮೇಜಿನ ಮೇಲೆ ಇಟ್ಟರು. "ನೀನು ಸಹಿ ಹಾಕದಿದ್ರೂ ನಡೆಯುತ್ತೆ. ಧ್ವನಿ ದಾಖಲಾಗಿದೆ. ವರದಿ ಮೇಲೆ ಹೋಗಿದೆ. ಇಲಾಖೆ ಕಾಗದದಲ್ಲಿ ಕುರಿ ನಿಮ್ಮವು. ಅದನ್ನ ಇನ್ನು ಯಾರೂ ಬದಲಾಯಿಸೋಕೆ ಆಗಲ್ಲ."

ನನ್ನ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯಲ್ಲೇ ಒಂದು ವಿಷಯ ತಟ್ಟನೆ ಹೊಳೆಯಿತು.

"ಯಾರೂ ಬದಲಾಯಿಸೋಕೆ ಆಗಲ್ವಾ ಸಾರ್?"

"ಆಗಲ್ಲ."

ಮ್ಯಾನೇಜರ ಕಡೆ ತಿರುಗಿದೆ. "ನೀವೂ ಒಪ್ತೀರಾ? ಮೂರು ಸಾವಿರ ಕುರಿನೂ ನಮ್ಮವಾ?"

"ನಿಮ್ಮವೇ ಕಣಮ್ಮ" ಎಂದ. "ಧಣಿಗೂ ಆ ಕುರಿಗೂ ಯಾವ ಸಂಬಂಧನೂ ಇಲ್ಲ. ಬರ್ಕೊಳ್ಳಿ ಸಾರ್."

ಅಧಿಕಾರಿ ಬರೆದುಕೊಂಡರು. ನಾನು ಮೇಜಿಗೆ ಬೆನ್ನು ತಿರುಗಿಸಿ ನಡೆದೆ. ಯಾರೋ "ಏ, ಇನ್ನೂ ಮುಗಿದಿಲ್ಲ" ಎಂದರು. ನಿಲ್ಲಲಿಲ್ಲ. ನಮ್ಮವರೆಲ್ಲ ನನ್ನ ಹಿಂದೆ ಬಂದರು. ಗೇಟಿನ ಚಿಲಕ ನಾನೇ ತೆಗೆದೆ.

ಅಪ್ಪ ಗೇಟಿನ ಕಂಬದ ನೆರಳಲ್ಲಿ ಕೋಲಿನ ಮೇಲೆ ಗದ್ದವೂರಿ ನಿಂತಿದ್ದ.

"ಅಪ್ಪ, ಕುರಿ ಪೇಟೆಗೆ ಹೊಡಿ."

"ಯಾಕೆ?"

"ಮಾರೋಣ. ಎಲ್ಲಾ ನಮ್ಮವಂತೆ. ಈಗ ತಾನೇ ಮ್ಯಾನೇಜರ್ ಬರೆಸಿದ್ರು. ಸಂಜೆಯೊಳಗೆ ಕಟುಕರ ಅಂಗಡಿ ತಲುಪಬಹುದು."

ಮೊದಲು ಅರ್ಥವಾದದ್ದು ಅತ್ತೆಗೆ. ಅವಳು ಸೊಂಟಕ್ಕೆ ಕೈಯಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹೊಡಿಯೋ ತಮ್ಮ" ಎಂದಳು. "ನಾಳೆಯಿಂದ ನಾವೂ ಮೂರಂತಸ್ತು ಕಟ್ಟೋಣ. ನನಗೆ ಕೆಳಗಿನ ಕೋಣೆ ಸಾಕು, ಮಂಡಿ ಹತ್ತಲ್ಲ."

ಅಪ್ಪ ನಗಲಿಲ್ಲ. ನನ್ನ ಮುಖ ನೋಡಿದ. ಕೇಂದ್ರದ ಬಾಗಿಲಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದ ಮ್ಯಾನೇಜರನ್ನು ನೋಡಿದ. ನಲವತ್ತು ವರ್ಷದ ಹೆದರಿಕೆಯನ್ನು ಒಂದು ಗುಟುಕಿಗೆ ನುಂಗುವುದು ಸುಲಭವಲ್ಲ. ಅವನು ಮಾಡಲಾರ ಎಂದೇ ನಾನು ಅಂದುಕೊಂಡೆ. ಆಗ ಅಪ್ಪ ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಎರಡು ಸಲ ಟಕ್ ಟಕ್ ಎಂದ. ಗಂಟೆ ಕಟ್ಟಿದ್ದ ಮುದಿ ಕುರಿ ತಲೆಯೆತ್ತಿ ಪೇಟೆಯ ದಾರಿಗೆ ತಿರುಗಿತು. ಹುಟ್ಟಿದಾಗ ತಾಯಿ ಸತ್ತು, ಅಪ್ಪನ ಬೆರಳು ಚೀಪಿ ಬದುಕಿದ ಕುರಿ ಅದು. ಅದರ ಹಿಂದೆ ಹತ್ತು ತಿರುಗಿದವು, ನೂರು ತಿರುಗಿದವು. ಆಮೇಲೆ ರಸ್ತೆಯೇ ಕಾಣದಷ್ಟು ಧೂಳು.

ಮ್ಯಾನೇಜರು ಓಡಿಬಂದ. ಪಾಲಿಶ್ ಮಾಡಿದ ಬೂಟು ಮರಳಲ್ಲಿ ಹೂತು ಒಂದು ಸಲ ಬಿದ್ದ. ಎದ್ದು ಮತ್ತೆ ಓಡಿದ. ಅವನ ಹಿಂದೆ ಅಧಿಕಾರಿ, ಅಧಿಕಾರಿಯ ಹಿಂದೆ ಡಾಕ್ಟರು.

"ಎಲ್ಲಿಗೆ ಹೊಡೀತಿದ್ದೀರಿ?"

"ಪೇಟೆಗೆ" ಎಂದೆ. "ನಮ್ಮ ಕುರಿ, ನಾವು ಮಾರ್ತೀವಿ."

ಅವನು ಗಂಟೆಯ ಕುರಿಯ ಮುಂದೆ ಹೋಗಿ ಅದರ ಎಡಗಿವಿಯನ್ನು ಹಿಡಿದು ಜಗ್ಗಿದ. ಕುರಿ ಅರಚಿತು. "ಇವರಪ್ಪಂದು ಅಂದ್ಕೊಂಡಿದ್ದಾರೆ" ಎಂದು ಅಧಿಕಾರಿಗೆ ಕೂಗಿ ಹೇಳಿದ. "ನೋಡಿ ಸಾರ್, ಇಲ್ಲಿ ನೋಡಿ. ಧಣಿ ಗುರುತು. ಮೂರು ಸಾವಿರಕ್ಕೂ ನಾನೇ ನಿಂತು ಹಾಕಿಸಿದ್ದು. ಧಣಿ ಕುರಿ ಮುಟ್ಟಿದ್ರೆ ಒಬ್ಬೊಬ್ಬರ ಕೈ ಕತ್ತರಿಸ್ತೀನಿ."

ಆಮೇಲೆ ಅವನಿಗೆ ತಾನು ಏನು ಹೇಳಿದೆ ಎಂದು ತಿಳಿಯಿತು. ಕಿವಿ ಇನ್ನೂ ಅವನ ಕೈಯಲ್ಲೇ ಇತ್ತು.

ನಮ್ಮ ಕೇರಿಯ ನೂರೈವತ್ತು ಜನ ಅಧಿಕಾರಿಯ ಸುತ್ತ ನಿಂತಿದ್ದೆವು. ಯಾರೂ ಅವರನ್ನು ಮುಟ್ಟಲಿಲ್ಲ, ಆದರೆ ದಾರಿಯನ್ನೂ ಬಿಡಲಿಲ್ಲ.

"ಬರೀರಿ ಸಾರ್" ಎಂದೆ.

ಅಧಿಕಾರಿ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಕಾಗದದ ಮೇಲೆ ಏನೋ ಗೀಚಿ ನನಗೆ ತೋರಿಸಿದರು. ಕುರಿಗಳ ಮಾಲೀಕತ್ವದ ಬಗ್ಗೆ ತಕರಾರು ಇರುವುದು ಕಂಡುಬಂದಿದೆ, ಎಂದಿತ್ತು.

"ತಕರಾರು ಎಲ್ಲಿದೆ? ಅವರೇ ಕಿವಿ ಹಿಡ್ಕೊಂಡು ತೋರಿಸಿದ್ದಾರೆ. ಅದನ್ನ ಹೊಡೆದು ಹಾಕಿ. ಮೂರು ಸಾವಿರ ಕುರಿ ಧಣಿಯವು ಅಂತ ಬರೀರಿ. ನಮ್ಮನ್ನ ಎಬ್ಬಿಸೋ ಆದೇಶ ನಿಲ್ಲಿಸಿದ್ದೀವಿ ಅಂತ ಬರೀರಿ. ಇನ್ನೂರರ ಕಾನೂನು ಇವರಿಗೂ ಇದೆ ಅಂತ ಬರೀರಿ. ಇಲ್ಲ ಅಂದ್ರೆ ಕುರಿ ಪೇಟೆಗೆ ಹೋಗುತ್ತೆ."

ಬರೆದರು. ಮರಳಿನ ಮೇಲೆ ನಿಂತು, ತಮ್ಮ ಮೊಣಕಾಲಿನ ಮೇಲೆ ಕಾಗದ ಇಟ್ಟುಕೊಂಡು ಬರೆದರು. ನಾನು ಗಟ್ಟಿಯಾಗಿ ಓದಿದೆ. ಡಾಕ್ಟರಿಗೆ ಕೊಟ್ಟು, ಸಾಕ್ಷಿ ಹಾಕಿ ಎಂದೆ. ಅವರು ನನ್ನ ಕಣ್ಣು ನೋಡದೆ ಹೇಳಿದರು, "ನಾನು ಬೇಕು ಅಂತ ಮಾಡಿದ್ದಲ್ಲಮ್ಮ."

"ಗೊತ್ತು ಸಾರ್. ನಿಮಗೆ ನಾವು ಬೇಕೂ ಆಗಿರ್ಲಿಲ್ಲ, ಬೇಡನೂ ಆಗಿರ್ಲಿಲ್ಲ. ಬೋನಿಗೆ ಕಾಳು ಇಡೋಕೆ ಒಂದು ಕೈ ಬೇಕಾಗಿತ್ತು."

ಅವರು ಸಹಿ ಹಾಕಿದರು.

ಮ್ಯಾನೇಜರು ಅಪ್ಪನ ಹತ್ತಿರ ಹೋದ. ಹಟ್ಟಿಯ ಧ್ವನಿ ಅವನಿಗೆ ವಾಪಸ್ಸು ಬಂದಿತ್ತು. "ನಾಟಕ ಸಾಕು. ಕುರಿ ಹಟ್ಟಿಗೆ ಹೊಡಿ."

"ಹೊಡೆಯಲ್ಲ" ಎಂದ ಅಪ್ಪ.

"ಏನಂದೆ?"

"ಧಣಿ ಕುರಿ. ಧಣಿ ಬಂದು ಹೊಡ್ಕೊಳ್ಲಿ. ಆ ನೆಲದ ಮೇಲೆ ಇಷ್ಟು ಕುರಿ ನಾನು ಇನ್ನು ಬಿಡಲ್ಲ."

ಅಪ್ಪ ಕೋಲನ್ನು ಮ್ಯಾನೇಜರ ಕಾಲ ಬಳಿ ಹಾಕಿದ. ಒಬ್ಬೊಬ್ಬರಾಗಿ ನಮ್ಮ ಗಂಡಸರೆಲ್ಲ ಹಾಕಿದರು. ಸೌದೆಯ ಹೊರೆಯಷ್ಟು ಕೋಲುಗಳಾದವು. ಮ್ಯಾನೇಜರು ಒಂದನ್ನು ಎತ್ತಿಕೊಂಡು ಕುರಿಗಳ ಕಡೆ ಬೀಸಿದ. ಹೋ ಎಂದ, ಹೈ ಎಂದ. ಕುರಿಗಳು ಸ್ವಲ್ಪ ಸರಿದು, ಅವನನ್ನು ಬಿಟ್ಟು ಅಪ್ಪನನ್ನೇ ನೋಡುತ್ತಾ ನಿಂತವು.

ನಾವು ಬಾವಿಯ ಕಡೆ ನಡೆಯತೊಡಗಿದೆವು. ನಾಳೆ ಕೂಲಿ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಧಣಿ ಸುಮ್ಮನಿರುವುದಿಲ್ಲ ಎಂದೂ ಗೊತ್ತಿತ್ತು. ಆದರೂ ಯಾರ ಹೆಜ್ಜೆಯೂ ನಿಧಾನವಾಗಲಿಲ್ಲ. ನೂರು ಮಾರು ಹೋಗುವಷ್ಟರಲ್ಲಿ ಹಿಂದೆ ಗಂಟೆಯ ಸದ್ದು ಕೇಳಿಸಿತು. ಮುದಿ ಕುರಿ ಬರುತ್ತಿತ್ತು. ಅದರ ಹಿಂದೆ ಉಳಿದವೂ ಕಾಲು ಕಿತ್ತಿದ್ದವು. ಅದು ಬಂದು ಅಪ್ಪನ ಕೈಯನ್ನು ಮೂಗಿನಿಂದ ತಿವಿಯಿತು.

ಅಪ್ಪ ಅದನ್ನು ಹಿಂದಕ್ಕೆ ತಳ್ಳಿದ. ಮತ್ತೆ ಬಂತು. ಗದರಿದ. ನಿಂತಿತು, ಮತ್ತೆ ಬಂತು. ಅವನು ಸುತ್ತ ನೋಡಿ, ಬಗ್ಗಿ, ಒಂದು ಕಲ್ಲು ತೆಗೆದುಕೊಂಡ. ಅಪ್ಪ ಕುರಿಗೆ ಕಲ್ಲೆಸೆದದ್ದನ್ನು ನಾನು ಕಂಡವಳಲ್ಲ. ಎಸೆದ. ಮುಂಗಾಲಿಗೆ ಬಿತ್ತು. ಕುರಿ ಕಾಲೆತ್ತಿಕೊಂಡು ಅಲ್ಲೇ ನಿಂತಿತು, ಅದರ ಹಿಂದೆ ಮೂರು ಸಾವಿರವೂ ನಿಂತವು.

ಅಪ್ಪ ತಿರುಗಿ ನೋಡದ ಹಾಗೆ ಅತ್ತೆ ಅವನ ರಟ್ಟೆ ಹಿಡಿದು ನಡೆಸಿಕೊಂಡು ಹೋದಳು.